ಸೂಜಿ ಕುದಿಸಿದರೆ ಕೈಗುಣ ಕೆಡುವುದಿಲ್ಲ

ನಮ್ಮ ಊರುಗಳಲ್ಲಿ ಹೆಣ್ಣುಮಗಳ ಮುಂಗೈ ಬರಿದಾಗಿದ್ದರೆ ಹಿರಿಯರು ಸುಮ್ಮನಿರುವುದಿಲ್ಲ. ಬಳೆ ಒಡೆಯುತ್ತವೆ, ಬಂಗಾರ ಕಳೆದುಹೋಗುತ್ತದೆ, ಹಚ್ಚೆ ಮಾತ್ರ ಕಡೆತನಕ ಜೊತೆಗಿರುತ್ತದೆ ಎಂದು ಹೇಳಿ ಒಂದು ತೊಟ್ಟಿಲನ್ನೋ ತುಳಸಿಕಟ್ಟೆಯನ್ನೋ ಹಾಕಿಸುತ್ತಾರೆ. ಹಾಕಿಸಿಕೊಂಡ ಮೇಲೆ ಕೈ ಊದುತ್ತದೆ, ಮೈ ಬಿಸಿಯಾಗುತ್ತದೆ. ಹಚ್ಚೆ ಅಂದಮೇಲೆ ಇಷ್ಟು ಇದ್ದದ್ದೇ ಎಂದು ಅರಿಸಿನ, ಎಣ್ಣೆ ಹಚ್ಚಿ ನಾವು ನಮ್ಮ ಕೆಲಸಕ್ಕೆ ಹೋಗುತ್ತೇವೆ. ಬಹಳ ಸಲ ಅದು ತಾನಾಗಿ ಮಾಯುತ್ತದೆ. ಒಂದೊಂದು ಸಲ ಮಾಯುವುದಿಲ್ಲ. ಹಾಗೆ ಮಾಯದೆ ಹೋದ ಒಂದು ಹಚ್ಚೆಯ ಕಥೆ ಇದು. ಒಲೆಯ ಮೇಲೆ ಬೇಳೆ ಇಟ್ಟು, ಅದು ಬೇಯುವ ತನಕ ಕೂತು ಕೇಳಿ.

ಸೇಡಂ ತಾಲೂಕಿನ ಆಡಕಿಯಲ್ಲಿ ಅನಸುಬಾಯಿ ಎಂಬ ಹಿರಿಯ ಹೆಂಗಸು ಇದ್ದಳು. ಹಚ್ಚೆ ಹಾಕುವುದು ಅವಳ ಮನೆತನದ ಕಸುಬು. ಸುತ್ತಲಿನ ಹಳ್ಳಿಗಳಲ್ಲಿ, ಅತ್ತ ಅದೇ ತಾಲೂಕಿನ ಮುಧೋಳದ ತನಕ, ಅವಳ ಕೈಯ ಹಚ್ಚೆ ಇಲ್ಲದ ಮನೆ ಕಡಿಮೆ. ಸೂಜಿ ಚುಚ್ಚುವಾಗ ಹುಡುಗಿಯರು ಅಳಬಾರದೆಂದು ಅವಳು ಹಾಡು ಕಟ್ಟುತ್ತಿದ್ದಳು. ಆ ಹಾಡಿನಲ್ಲಿ ಹುಡುಗಿಗೆ ಮುಂದೆ ಅತ್ತೆಯಾಗುವವಳನ್ನು ಚೆನ್ನಾಗಿ ಬೈಯುತ್ತಿದ್ದಳು. ಅಳುತ್ತಿದ್ದವಳು ನಗಲು ಶುರುಮಾಡುವಷ್ಟರಲ್ಲಿ ಹಚ್ಚೆ ಮುಗಿದಿರುತ್ತಿತ್ತು.

ವಯಸ್ಸಾದಂತೆ ಅವಳ ಕಣ್ಣು ಮಂಜಾದವು. ಒಬ್ಬನೇ ಮಗ ಶಹಾಬಾದಿನ ಕಡೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ. ಹಾಗಾಗಿ ಕಸುಬು ಸೊಸೆ ಮಾಳಮ್ಮನ ಕೈಗೆ ಬರಬೇಕಾಯಿತು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮರುವರ್ಷದ ಮಾತು ಇದು. ಆಗ ಮಾಳಮ್ಮನಿಗೆ ಎದೆಹಾಲು ಕುಡಿಯುವ ಮಗಳಿದ್ದಳು. ಕೂಸು ಮಲಗಿದಾಗ ಸೊಸೆ ಸೂಜಿ ಹಿಡಿಯುತ್ತಿದ್ದಳು, ಕೂಸು ಎದ್ದಾಗ ಸೂಜಿ ಬಿಡುತ್ತಿದ್ದಳು.

ಆ ಮನೆಯಲ್ಲಿ ಕಲಿಯುವವರಿಗೆ ಒಂದು ಕಟ್ಟಳೆ ಇತ್ತು. ಮೊದಲ ಹಚ್ಚೆಯನ್ನು ತನ್ನ ಮೈಮೇಲೆಯೇ ಹಾಕಿಕೊಳ್ಳಬೇಕು. ತನಗೆ ನೋವಾದರೆ ಮಾತ್ರ ಮಂದಿಯ ನೋವು ತಿಳಿಯುತ್ತದೆ, ಕೈ ಹಗುರಾಗುತ್ತದೆ ಎಂದು ಅನಸುಬಾಯಿ ಹೇಳುತ್ತಿದ್ದಳು. ಇದು ಒಳ್ಳೆಯ ಮಾತೇ. ಆದರೆ ಇದರ ಜೊತೆಗೆ ಇನ್ನೊಂದು ಕಟ್ಟಳೆಯೂ ಇತ್ತು. ಹಚ್ಚೆಯ ಸೂಜಿಗೆ ನೀರು ಮುಟ್ಟಿಸಬಾರದು, ಬೆಂಕಿ ತೋರಿಸಬಾರದು. ತೊಳೆದರೆ ಕೈಗುಣ ತೊಳೆದುಹೋಗುತ್ತದೆ, ಕಾಯಿಸಿದರೆ ಸುಟ್ಟುಹೋಗುತ್ತದೆ. ಒಂದು ಚಿಕ್ಕ ಕಡ್ಡಿಗೆ ಮೂರು ಸೂಜಿಗಳನ್ನು ದಾರದಿಂದ ಬಿಗಿದಿದ್ದ ಆ ಕಟ್ಟು ಅನಸುಬಾಯಿಗೆ ಅವಳ ಅತ್ತೆಯಿಂದ ಬಂದದ್ದು. ಮಸಿ, ರಕ್ತ ಕುಡಿದು ಕುಡಿದು ದಾರ ಕಲ್ಲಿನಂತೆ ಗಟ್ಟಿಯಾಗಿತ್ತು. ಅದನ್ನು ಯಾರೂ ಎಂದೂ ಬಿಚ್ಚಿರಲಿಲ್ಲ.

ಮಾಳಮ್ಮ ತನ್ನ ಎಡಗಾಲಿನ ಮೀನಖಂಡವನ್ನೇ ಬರೆದು ಕಲಿಯುವ ಪಾಟಿ ಮಾಡಿಕೊಂಡಳು. ಮೊದಲು ಬೊಟ್ಟು, ಆಮೇಲೆ ಗೆರೆ, ಆಮೇಲೆ ಒಂದು ಚೇಳು. ಅತ್ತೆ ಕಾಲಿನ ಹತ್ತಿರ ಮುಖ ತಂದು, ಕಣ್ಣು ಕಿರಿದು ಮಾಡಿ ನೋಡಿದಳು.

"ಇದು ಚೇಳೇನವ್ವಾ? ಬದನಿಕಾಯಿಗಿ ಕೊಂಡಿ ಬಂದಂಗ ಅದ."

ಜಗಲಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ಮಾಳಮ್ಮನೂ ನಕ್ಕಳು. ಆದರೆ ಒಳಗೊಳಗೆ ಅವಳಿಗೆ ಅಂಜಿಕೆಯಾಯಿತು. ಓಣಿಯ ಶಿವಕಾಂತಮ್ಮನ ಮಗಳಿಗೆ ಮದುವೆ ಗೊತ್ತಾಗಿತ್ತು. ಆ ಹುಡುಗಿಯ ಮುಂಗೈಗೆ ತೊಟ್ಟಿಲ ಹಚ್ಚೆಯನ್ನು ನನ್ನ ಸೊಸೆಯೇ ಹಾಕುತ್ತಾಳೆ ಎಂದು ಅತ್ತೆ ಮಾತು ಕೊಟ್ಟುಬಿಟ್ಟಿದ್ದಳು. ಅಷ್ಟರೊಳಗೆ ಕೈ ಪಳಗಬೇಕಲ್ಲ ಎಂದು ಮಾಳಮ್ಮ ಯಾರ ಕಣ್ಣಿಗೂ ಬೀಳದಂತೆ ದನದ ಕೊಟ್ಟಿಗೆಯಲ್ಲಿ ಕೂತು ಕಲಿಯತೊಡಗಿದಳು.

ಒಂದು ಸಂಜೆ ಅವಳು ತೊಟ್ಟಿಲಿನ ಅರ್ಧ ಮುಗಿಸಿದ್ದಳು. ಎಮ್ಮೆ ಬಾಲ ಬೀಸಿದ ರಭಸಕ್ಕೆ ಸೂಜಿಯ ಕಟ್ಟು ಕೈಯಿಂದ ಜಾರಿ ಹಸಿ ಸಗಣಿಯಲ್ಲಿ ಬಿತ್ತು. ತೊಳೆಯುವಂತಿಲ್ಲ, ಕಾಯಿಸುವಂತಿಲ್ಲ. ಅವಳು ಅದನ್ನು ಸೆರಗಿಗೆ ಒರೆಸಿಕೊಂಡು ತೊಟ್ಟಿಲಿನ ಉಳಿದರ್ಧ ಚುಚ್ಚಿ ಮುಗಿಸಿದಳು.

ಎರಡು ಮೂರು ದಿನದಲ್ಲಿ ಕಾಲು ಊದಿತು. ಅತ್ತೆ ಅರಿಸಿನ ಹಚ್ಚಿದಳು. ಇಳಿಯಲಿಲ್ಲ. ಹರಳೆಣ್ಣೆ ಹಚ್ಚಿದಳು, ಸಗಣಿಯ ಕುಳ್ಳಿನ ಬೂದಿ ಮೆತ್ತಿದಳು. ಕಾಲು ಬಿಗಿದು ಹೊಳೆಯತೊಡಗಿತು, ತೊಟ್ಟಿಲಿನ ಗೆರೆಗಳಿಂದ ಕೀವು ಬಂತು, ಕೆಂಪು ಬರೆಯೊಂದು ಮೊಣಕಾಲು ದಾಟಿ ತೊಡೆಯ ಕಡೆ ಏರತೊಡಗಿತು. ಜ್ವರದಲ್ಲಿ ಮಾಳಮ್ಮ ಗೋಡೆ ಹಿಡಿಯದೆ ಏಳಲಾರದಾದಳು. ಹಚ್ಚೆಯ ನಂಜು ಇಳಿಯುತ್ತಿದೆ, ನಾಳೆ ನಾಡಿದ್ದು ಹಗುರಾಗುತ್ತದೆ ಎಂದು ಅನಸುಬಾಯಿ ಸೊಸೆಗೂ ಹೇಳಿದಳು, ತನಗೂ ಹೇಳಿಕೊಂಡಳು. ಸೂಜಿ ಸಗಣಿಯಲ್ಲಿ ಬಿದ್ದ ಸಂಗತಿಯನ್ನು ಮಾಳಮ್ಮ ಬಾಯಿ ಬಿಟ್ಟು ಹೇಳಿರಲಿಲ್ಲ.

ಪಕ್ಕದ ಮನೆಯ ಬಿಬಿಜಾನ್ ಊರಿನ ಸೂಲಗಿತ್ತಿ. ಸೇಡಂ ದವಾಖಾನೆಯಲ್ಲಿ ಸರ್ಕಾರದವರು ಸೂಲಗಿತ್ತಿಯರಿಗೆ ಕೊಡುವ ತರಬೇತಿ ಮುಗಿಸಿ ಬಂದವಳು. ಮಾಳಮ್ಮನ ಬಾಣಂತನ ಮಾಡಿದವಳೂ ಅವಳೇ. ಕೂಸನ್ನು ಎತ್ತಿ ಆಡಿಸೋಣವೆಂದು ಬಂದವಳು ಗೋಡೆಗೆ ಒರಗಿದ್ದ ತಾಯಿಯನ್ನು ನೋಡಿ, ಸೀರೆ ಸರಿಸಿ ಕಾಲು ನೋಡಿದಳು. ಹತ್ತಿರ ಕೂತು ಮಾಳಮ್ಮನ ಗಲ್ಲ ಹಿಡಿದಳು.

"ಮಾಳವ್ವ, ಬಾಯಿ ತೆರಿ. ಇನ್ನಾ ದೊಡ್ಡದು ತೆರಿ."

ಅನಸುಬಾಯಿಗೆ ಸಿಟ್ಟು ಬಂತು. "ಕಾಲಿಗಿ ಬ್ಯಾನಿ ಆದ್ರ ಬಾಯಿ ಯಾಕ ನೋಡಾಕತ್ತಿ? ಎತ್ತಿಗಿ ಬ್ಯಾನಿ ಆದ್ರ ಬಂಡಿ ನೋಡಿದಂಗ."

ಮಾಳಮ್ಮನ ಬಾಯಿ ಪೂರಾ ತೆರೆಯಿತು. ಬಿಬಿಜಾನ್ ಉಸಿರು ಬಿಟ್ಟು, ಅಲ್ಲಾಗೆ ಶುಕ್ರಿಯಾ ಎಂದಳು. ಆಮೇಲೆ ನಿಧಾನವಾಗಿ ಹೇಳಿದಳು. ಮಣ್ಣಿನಲ್ಲಿ, ಸಗಣಿಯಲ್ಲಿ ಕಣ್ಣಿಗೆ ಕಾಣದ ಒಂದು ಕ್ರಿಮಿ ಇರುತ್ತದೆ. ಗಾಯದೊಳಗೆ ಹೊಕ್ಕರೆ ಅದು ಧನುರ್ವಾಯು ತರುತ್ತದೆ. ಮೊದಲು ದವಡೆ ಹಿಡಿಯುತ್ತದೆ, ಬಾಯಿ ತೆರೆಯಲಾಗುವುದಿಲ್ಲ. ಆಮೇಲೆ ಮೈ ಬಿಲ್ಲಿನಂತೆ ಬಾಗುತ್ತದೆ. ಕುಡುಗೋಲಿನಲ್ಲಿ ಹೊಕ್ಕುಳಬಳ್ಳಿ ಕೊಯ್ದು ಕಳೆದುಕೊಂಡ ಕೂಸುಗಳು ನೆನಪಿವೆಯಲ್ಲ ಎಂದು ಕೇಳಿದಳು. ಅನಸುಬಾಯಿಗೆ ನೆನಪಿತ್ತು. ಅವಳ ಸ್ವಂತ ತಂಗಿಯ ಕೂಸು ಹಾಗೆಯೇ ಹೋಗಿತ್ತು.

ಆಗ ಮಾಳಮ್ಮ ಅಳುತ್ತಾ ಎಮ್ಮೆಯ ಬಾಲ, ಸಗಣಿ, ಸೆರಗು ಎಲ್ಲವನ್ನೂ ಹೇಳಿದಳು. ತೊಳೆದರೆ ಅತ್ತೆಯ ಕೈಗುಣ ತನ್ನಿಂದ ಹಾಳಾಯಿತೆಂಬ ಮಾತು ಬರುತ್ತದೆ ಎಂದು ಅಂಜಿದ್ದಳಂತೆ. ಅನಸುಬಾಯಿ ಸೊಸೆಯ ಕಾಲಿನ ಮೇಲೆ ಕೈ ಇಟ್ಟಳು.

"ದವಾಖಾನ್ಯಾಗ ಕಾಲು ಕಡೀತಾರಂತ. ಮಂದಿ ಹೇಳ್ತಾರ," ಎಂದಳು.

"ಇವತ್ತ ಹೋದ್ರ ತೊಳೀತಾರ ಅಕ್ಕ. ತಡ ಮಾಡಿದ್ರ ಕಡೀಬೇಕಾಗ್ತದ. ಜೀವಕ್ಕೂ ಬರ್ತದ. ನಡಿ, ಕೂಸಿನ್ನ ನೀ ಎತ್ಕೋ."

ಊರಿನ ನಬೀಸಾಬ್‌ನ ಟಾಂಗಾದಲ್ಲಿ ಮೂವರೂ ಕೂಸಿನೊಡನೆ ಸೇಡಂಗೆ ಹೋದರು. ದಾರಿಯುದ್ದಕ್ಕೂ ಅನಸುಬಾಯಿ ಏನೋ ಒಂದು ಕೇಳಿ ಸೊಸೆಯನ್ನು ಮಾತಾಡಿಸುತ್ತಲೇ ಇದ್ದಳು. ಮಾತಾಡಿದರೆ ದವಡೆ ಆಡುತ್ತಿದೆ ಎಂದು ಅವಳಿಗೆ ಧೈರ್ಯ.

ದವಾಖಾನೆಯ ಡಾಕ್ಟರಮ್ಮ ಬೈಯಲಿಲ್ಲ. ಕೀವು ತೆಗೆದು, ಗಾಯ ತೊಳೆದು, ನಂಜಿಗೆ ಒಂದು, ಧನುರ್ವಾಯುವಿಗೆ ಒಂದು ಎಂದು ಇಂಜೆಕ್ಷನ್ ಕೊಟ್ಟರು. ಕೆಂಪು ಬರೆ ಇನ್ನೂ ಮೇಲೇರುತ್ತದೆಯೋ ಇಲ್ಲವೋ ನೋಡಬೇಕು, ಅಲ್ಲಿಯವರೆಗೆ ಇಲ್ಲೇ ಇರಲಿ ಎಂದರು. ಅನಸುಬಾಯಿ ಮಂಚದ ಕೆಳಗೇ ಉಳಿದಳು. ಹಾಲಿನ ಹೊತ್ತಿಗೆ ಕೂಸನ್ನು ತಾಯಿಯ ಪಕ್ಕಕ್ಕೆ ಕೊಡುವುದು, ಮತ್ತೆ ಎತ್ತಿಕೊಂಡು ಓಡಾಡುವುದು, ಇಷ್ಟೇ ಅವಳ ಕೆಲಸ. ಕೆಂಪು ಬರೆ ಎಲ್ಲಿಯವರೆಗೆ ಬಂದಿದೆ ಎಂದು ಅವಳ ಕಣ್ಣಿಗೆ ಕಾಣುತ್ತಿರಲಿಲ್ಲ. ಬಂದವರನ್ನೆಲ್ಲ ಕೇಳುತ್ತಿದ್ದಳು.

ಬರೆ ಏರುವುದು ನಿಂತಿತು. ಆಮೇಲೆ ಮಾಸತೊಡಗಿತು. ಒಂದು ಬೆಳಿಗ್ಗೆ ಮಾಳಮ್ಮನ ಹಣೆ ತಣ್ಣಗಿತ್ತು. ಹಸಿವು ಎಂದಳು. ಬಿಬಿಜಾನ್ ಊರಿಂದ ಕಟಕ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದಿದ್ದಳು. ಅನಸುಬಾಯಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಿವಿಗೊಟ್ಟು ಕೂತಿದ್ದಳು. ಒಣಗಿದ ರೊಟ್ಟಿ ಹಲ್ಲಿಗೆ ಸಿಕ್ಕು ಕಟಕ್ಕೆಂದಿತು. ಮತ್ತೊಮ್ಮೆ ಕಟಕ್ಕೆಂದಿತು. ಆ ಸದ್ದು ಕೇಳಿ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ತಿನ್ನು ನನ್ನವ್ವ. ಇನ್ನೊಂದು ತಿನ್ನು. ಸದ್ದು ಮಾಡಿ ತಿನ್ನು."

ಮನೆಗೆ ಕಳಿಸುವ ಮುಂಚೆ ಡಾಕ್ಟರಮ್ಮ ಆ ಸೂಜಿಯ ಕಟ್ಟು ನೋಡಬೇಕೆಂದರು. ಅನಸುಬಾಯಿ ಅದನ್ನು ಸೊಂಟದ ಚಂಚಿಯಿಂದ ತೆಗೆದು ಕೊಟ್ಟಳು. ಈ ದಾರದಲ್ಲಿ ಎಷ್ಟೋ ಜನರ ರಕ್ತ ಕೂತಿದೆ, ಒಬ್ಬರ ಮೈಯ ರೋಗ ಸೂಜಿಯ ಮೊನೆಯಲ್ಲಿ ಇನ್ನೊಬ್ಬರ ಮೈಗೆ ಹೋಗುತ್ತದೆ, ಕಾಮಾಲೆ ಕೂಡ ಹೀಗೆ ದಾಟುತ್ತದೆ ಎಂದು ಅವರು ತಿಳಿಸಿದರು. ಹಚ್ಚೆಯನ್ನು ಬಿಡಬೇಕಿಲ್ಲ, ಒಬ್ಬರಿಗೆ ಹಾಕಿದ ಸೂಜಿಯನ್ನು ಇನ್ನೊಬ್ಬರಿಗೆ ಹಾಕಬೇಡಿ, ಹೊಸ ಸೂಜಿಯನ್ನೂ ಕುದಿಸಿಯೇ ಹಿಡಿಯಿರಿ ಎಂದರು. ಅನಸುಬಾಯಿ ತಲೆಯಾಡಿಸಿದಳು. ಆದರೆ ಟಾಂಗಾ ಹತ್ತಿದ ಮೇಲೆ ಬಿಬಿಜಾನಳಿಗೆ ತನ್ನ ಮನಸ್ಸು ಹೇಳಿದಳು. ಕುದಿಸಿದ ಸೂಜಿ ಮಸಿ ಹಿಡಿಯುತ್ತದೋ ಇಲ್ಲವೋ, ಹಚ್ಚೆ ಬಿಳಿಚಿಕೊಂಡರೆ ಶಿವಕಾಂತಮ್ಮನಿಗೆ ಏನೆಂದು ಮುಖ ತೋರಿಸಲಿ?

ಬಿಬಿಜಾನ್ ಸೇಡಂ ಬಜಾರದಲ್ಲಿ ಟಾಂಗಾ ನಿಲ್ಲಿಸಿ ಹೊಸ ಸೂಜಿ, ಹೊಸ ದಾರ ಕೊಂಡಳು.

ಮರುದಿನ ಬಿಬಿಜಾನ್ ತನ್ನ ಒಲೆಯ ಮೇಲೆ ಸೂಜಿ, ದಾರಗಳನ್ನು ನೀರಿಗೆ ಹಾಕಿ, ನೀರು ಕೊತಕೊತ ಎನ್ನಲು ಹತ್ತಿದ ಮೇಲೂ ಜೋಳದ ನುಚ್ಚು ಬೇಯುವಷ್ಟು ಹೊತ್ತು ಕುದಿಸಿದಳು. ಹರಳೆಣ್ಣೆ ದೀಪದಿಂದ ಹೊಸ ಮಸಿ ಹಿಡಿದು, ಕುದಿಸಿ ಆರಿಸಿದ ನೀರಿನಲ್ಲಿ ಕಲಸಿದರು. ಅನಸುಬಾಯಿ ಸಾಬೂನಿನಿಂದ ಕೈ ತೊಳೆದು, ತನ್ನ ಹಳೆಯ ಹಚ್ಚೆಗಳ ನಡುವೆ ಬಿಬಿಜಾನಳಿಂದ ಮೊಣಕೈ ಹತ್ತಿರ ಒಂದು ಬರಿದಾದ ಜಾಗ ಹುಡುಕಿಸಿದಳು. ಆ ಜಾಗವನ್ನೂ ತೊಳೆಸಿದಳು.

"ಮಂದಿ ಮೈಮ್ಯಾಲೆ ಪರೀಕ್ಷಾ ಮಾಡೂದು ಬ್ಯಾಡ. ಕುದಿಸಿದ ಸೂಜಿಗಿ ನಾನೂ ಹೊಸಬಾಕೀನೇ ಅಲ್ಲೇನು?" ಎಂದು ಒಂದೇ ಒಂದು ಬೊಟ್ಟು ಚುಚ್ಚಿಕೊಂಡಳು.

ಸಾಲು ತಪ್ಪಿದ ಬೊಟ್ಟು ನೋಡಿ, ಹಿಂಡು ಬಿಟ್ಟ ಕುರಿಯಂತಿದೆ ಎಂದು ಬಿಬಿಜಾನ್ ಚೇಷ್ಟೆ ಮಾಡಿದಳು. ಅನಸುಬಾಯಿ ಅದನ್ನು ಸಗಣಿ, ಮಣ್ಣು ತಾಗದಂತೆ ಕಾಯ್ದಳು. ಅದು ಊದಲಿಲ್ಲ, ಕೀವಾಗಲಿಲ್ಲ. ಹಕ್ಕಳೆ ಉದುರಿದ ದಿನ ಓಣಿಯಲ್ಲಿ ಸಿಕ್ಕವರಿಗೆಲ್ಲ ಕೈ ಮುಂದೆ ಮಾಡಿ ಕಪ್ಪಗಿದೆಯೇ ಎಂದು ಕೇಳಿದಳು. ಎಲ್ಲರೂ ಕಪ್ಪಗಿದೆ ಎಂದರು. ಅತ್ತೆ ಕೊಟ್ಟಿದ್ದ ಹಳೆಯ ಕಟ್ಟನ್ನು ಅವಳು ಎಸೆಯಲಿಲ್ಲ. ದೇವರ ಮಾಡದಲ್ಲಿಟ್ಟು ಕೈ ಮುಗಿದಳು. ಅದು ಪೂಜೆಗಿರಲಿ, ಇನ್ನು ಯಾರ ಮೈಗೂ ಬೇಡ ಎಂದು ಸೊಸೆಗೆ ಹೇಳಿದಳು.

ಮದುವೆಗೆ ಮುಂಚೆ ಶಿವಕಾಂತಮ್ಮನ ಮಗಳು ದವಾಖಾನೆಗೆ ಹೋಗಿ ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿಕೊಂಡು ಬಂದಳು. ಆಮೇಲೆಯೇ ಮಾಳಮ್ಮ ಅವಳ ಕೈ ಹಿಡಿದದ್ದು. ಒಲೆಯ ಮೇಲೆ ಸೂಜಿ ಕುದಿಯುವುದನ್ನು ನೋಡಿ ಶಿವಕಾಂತಮ್ಮ, ಇನ್ನು ನಿಮ್ಮ ಮನೆಯಲ್ಲಿ ಹಚ್ಚೆಯನ್ನೂ ಬೇಯಿಸಿ ಕೊಡುತ್ತೀರೇನು ಎಂದು ಹಂಗಿಸಿದಳು.

"ಹೌದವ್ವ. ಹಸೀದು ಕೊಟ್ಟು ಕೊಟ್ಟು ನನ್ನ ಸೊಸೀನ್ನೇ ಕಳಕೊಳ್ತಿದ್ದೆ," ಎಂದಳು ಅನಸುಬಾಯಿ. ಆಮೇಲೆ ಹುಡುಗಿಯ ಪಕ್ಕದಲ್ಲಿ ಕೂತು, ಅವಳ ಅತ್ತೆಯಾಗುವವಳನ್ನು ಬೈಯುವ ಹಾಡು ಎತ್ತಿಕೊಂಡಳು. ಮಾಳಮ್ಮನ ಕೈ ಹಗುರಾಗಿ ನಡೆಯಿತು.

ತಾಯಂದಿರೇ, ಅಕ್ಕತಂಗಿಯರೇ, ಹಚ್ಚೆ ನಮ್ಮ ಹಿರಿಯರು ಕೊಟ್ಟ ಒಡವೆ. ಅದನ್ನು ಹಾಕಿಸಿಕೊಳ್ಳಿ, ಹಾಕಲು ಕಲಿಯಿರಿ, ಯಾರೂ ಬೇಡ ಎನ್ನುವುದಿಲ್ಲ. ಆದರೆ ಸೂಜಿ ಹೊಸದಿರಲಿ, ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗೆ ಬೇಡ. ಚುಚ್ಚುವ ಮುನ್ನ ಚೆನ್ನಾಗಿ ಕುದಿಸಿ. ಸ್ವಂತ ಮೈಮೇಲೆ ಕಲಿಯುವವರೂ ಹೀಗೆಯೇ ಮಾಡಬೇಕು, ನನ್ನ ಮೈ ತಾನೇ ಎಂದು ಉದಾಸೀನ ಬೇಡ. ಗಾಯದ ಮೇಲೆ ಬೂದಿ, ಸಗಣಿ, ಮಣ್ಣು ಹಾಕಬೇಡಿ. ಧನುರ್ವಾಯುವಿನ ಇಂಜೆಕ್ಷನ್ ನೀವೂ ಹಾಕಿಸಿಕೊಳ್ಳಿ, ಮಕ್ಕಳಿಗೂ ಹಾಕಿಸಿ, ಬಸುರಿಯರಿಗೆ ಮರೆಯದೆ ಹಾಕಿಸಿ. ಚುಚ್ಚಿದ ಜಾಗ ಊದಿ ಕೀವಾದರೆ, ಜ್ವರ ಬಂದರೆ, ಬಾಯಿ ತೆರೆಯಲು ಬಿಗಿಯೆನಿಸಿದರೆ ಅದೇ ದಿನ ದವಾಖಾನೆಗೆ ನಡೆಯಿರಿ.

ನಾಳೆ ನಿಮ್ಮ ಮಗಳನ್ನು ಹಚ್ಚೆಗೆ ಕೂಡ್ರಿಸುವಾಗ ಮೊದಲು ಒಲೆಯ ಕಡೆ ನೋಡಿ. ಅಲ್ಲಿ ಸೂಜಿ ಕುದಿಯದಿದ್ದರೆ ಅವಳ ಕೈಯನ್ನು ನಿಮ್ಮ ಕೈಯಿಂದ ಬಿಡಬೇಡಿ.