ದುರ್ಗಕ್ಕನಿಗೆ ಹಿಡಿಸದ ಹಾಡು

ಎಮ್ಮಿಗನೂರಿನ ದುರ್ಗಕ್ಕನ ನಾಟಿ ಗ್ಯಾಂಗಿನಲ್ಲಿ ಆ ಸಲ ಒಂದು ಸಿನಿಮಾ ಹಾಡಿನ ಮೇಲೆ ನಡೆದಷ್ಟು ಜಗಳ ಪಂಚಾಯಿತಿ ಚುನಾವಣೆಯಲ್ಲೂ ನಡೆದಿರಲಿಲ್ಲ. ಕಾಲುವೆಗೆ ನೀರು ಬಿಟ್ಟು ಹದಿನೈದು ದಿನವಾಗಿತ್ತು. ಕಂಪ್ಲಿ ಸುತ್ತಲಿನ ಗದ್ದೆಗಳೆಲ್ಲ ಕೆಸರಾಗಿ ನಾಟಿಗೆ ಕಾದು ಕೂತಿದ್ದವು. ಹತ್ತು ಜನ ಹೆಂಗಸರು ಬೆಳಗ್ಗೆ ಟಂಟಂ ಹತ್ತಿ ಹೋಗುವುದು, ಮೊಣಕಾಲವರೆಗೆ ಕೆಸರಿಗಿಳಿಯುವುದು, ಬದುವಿನ ಮೇಲೆ ಕೋಲು ನೆಟ್ಟು ಅದಕ್ಕೆ ಅಂಗೈಯಗಲದ ಸ್ಪೀಕರು ನೇತುಹಾಕುವುದು. ಫೋನು ದುರ್ಗಕ್ಕನದು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ಬೇರೆ ಹಾಡು ಒಂದು ಬಂದರೆ ‘ನಿನ್ನ ನಗುವಿಗೆ ರಜೆಯಿಲ್ಲ’ ಮೂರು ಸಲ ಬರುತ್ತಿತ್ತು.

ಆ ಹಾಡಿನ ಶುರುವಿಗೇ ಗಿಟಾರು ನಿಧಾನವಾಗಿ ಟಿಣ್ ಟಿಣ್ ಟಿಣ್ ಎಂದು ಹಿಡಿದರೆ ಕೊನೆಯವರೆಗೂ ಬಿಡುವುದಿಲ್ಲ. ಅದರ ಮೇಲೆ ಒಬ್ಬ ಹುಡುಗ ಬೆಲ್ಲ ಚೀಪುತ್ತಿರುವವನ ದನಿಯಲ್ಲಿ ಹುಡುಗಿಯನ್ನು ಉಂಡೆಯಾ, ನಿದ್ದೆ ಬಂತಾ, ಬಿಸಿಲಿಗೆ ಕೊಡೆ ತಂದೆಯಾ ಎಂದು ವಿಚಾರಿಸಿಕೊಳ್ಳುತ್ತಾನೆ. ಅವಳು ನಗುತ್ತಾಳೆ. ಅಷ್ಟೇ. ಯಾರೂ ಸಾಯುವುದಿಲ್ಲ, ಯಾರೂ ಯಾರನ್ನೂ ಬಿಟ್ಟು ಹೋಗುವುದಿಲ್ಲ.

“ಇದೂ ಒಂದು ಹಾಡೇನವ್ವ?” ಎನ್ನುವುದು ಚೆನ್ನಬಸಮ್ಮನ ದಿನದ ಮೊದಲ ಮಾತು. ಗ್ಯಾಂಗಿನಲ್ಲಿ ಅವಳ ಕೈಯೇ ಎಲ್ಲರಿಗಿಂತ ಚುರುಕು, ನಾಲಿಗೆ ಅದಕ್ಕಿಂತ ಚುರುಕು. “ಪ್ರೀತಿ ಅಂದ್ರ ಕಣ್ಣಾಗ ನೀರು ಬರಬೇಕು. ಇವನು ಟಿಣ್ ಟಿಣ್ ಅಂತ ಬೀಗದಕೈ ಗೊಂಚಲು ಅಲ್ಲಾಡಿಸ್ಕಂತ ಊಟ ಆತಾ ಊಟ ಆತಾ ಅಂತಾನ. ಲಾಡ್ಜಿನ ಮ್ಯಾನೇಜರ್ ಇದ್ದಂಗ ಅದಾನ!”

“ಕೇಳಾವರು ಬೇಕಲ್ಲಕ್ಕ,” ಎನ್ನುವಳು ಸುಮಲತಾ. ಗ್ಯಾಂಗಿನ ಸೊಸೆಯರಲ್ಲಿ ಅವಳೇ ಚಿಕ್ಕವಳು. “ನನ್ನ ಮದುವಿ ಆಗಿ ನಾಕು ವರ್ಷ ಆತು. ಉಂಡ್ಯಾ ಅಂತ ನಮ್ಮನಿಯಾತ ಒಂದು ದಿನ ಕೇಳಿಲ್ಲ. ಇವನು ನಾಕು ನಿಮಿಷದಾಗ ಆರು ಸಲ ಕೇಳ್ತಾನ. ನನಗ ಅಷ್ಟ ಸಾಕು.”

ಉಚ್ಚೆಂಗಮ್ಮನ ಪ್ರೀತಿಗೆ ಕಾರಣವೇ ಬೇರೆ. ಆ ಹಾಡಿನ ಶೂಟಿಂಗು ಹಂಪಿಯಲ್ಲಿ ಆಗುವಾಗ ಅವಳು ತವರೂರು ಕಮಲಾಪುರದಲ್ಲಿದ್ದಳಂತೆ. ಬಾಳೆತೋಟದ ಕೆಲಸ ಬಿಟ್ಟು ನೋಡಲು ಹೋಗಿ ಕಂಬದ ಪಕ್ಕ ನಿಂತಿದ್ದಳಂತೆ. ಎರಡನೇ ಚರಣದಲ್ಲಿ ಕಾಣುವ ಹಸಿರು ಸೆರಗು ತನ್ನದೇ ಎಂದು ಆಣೆ ಮಾಡಿ ಹೇಳುತ್ತಿದ್ದಳು. ಹಾಡನ್ನು ಫೋನಿನಲ್ಲಿ ನಿಲ್ಲಿಸಿ ನಿಲ್ಲಿಸಿ ಎಲ್ಲರೂ ಹುಡುಕಿದ್ದರು. ಕಂಬ ಸಿಕ್ಕಿತ್ತು, ಸೆರಗು ಸಿಕ್ಕಿರಲಿಲ್ಲ.

ಇಷ್ಟರ ನಡುವೆ ದುರ್ಗಕ್ಕನದೊಂದು ವಿಚಿತ್ರ. ಹಾಡನ್ನು ಎಲ್ಲರಿಗಿಂತ ಹೆಚ್ಚು ಬಯ್ಯುವವಳು ಅವಳು, ಹಾಕುವವಳೂ ಅವಳೇ. “ಥೂ, ಮತ್ತ ಬಂತಲೇ ದರಿದ್ರ!” ಎನ್ನುವಳು. ಬದಲಾಯಿಸು ಎಂದರೆ, “ಕೈತುಂಬ ಕೆಸರೈತಿ, ಹೆಂಗ ಒತ್ತಲಿ? ತಾನ ಬರತೈತಿ ಅದು,” ಎನ್ನುವಳು. ಕೊಡು ನಾನು ಒತ್ತುತ್ತೇನೆ ಎಂದು ಚೆನ್ನಬಸಮ್ಮ ಕೈ ಚಾಚಿದರೆ, “ನನ್ನ ಫೋನು ಮುಟ್ಟಿದ್ರ ನೋಡು!” ಎಂದು ಕಣ್ಣು ಬಿಡುವಳು. ಗ್ಯಾಂಗಿನ ಮೇಸ್ತ್ರಿ ಅವಳು. ಅವಳಿಗೆ ಎದುರಾಡುವುದು ಒಂದು ಮಟ್ಟದವರೆಗೆ ಮಾತ್ರ.

ಈ ಜಗಳವನ್ನೆಲ್ಲ ದುರ್ಗಕ್ಕನ ಪಕ್ಕದ ಸಾಲಿನಲ್ಲಿ ಬಾಗಿ ನಿಂತು ಕೇಳುತ್ತಿದ್ದವಳು ಸಂಘಮಿತ್ರಾ. ಹೊಸಪೇಟೆಯಲ್ಲಿ ಬಿ.ಎಡ್. ಮುಗಿಸಿ ಮಾಸ್ತರಿಕೆಯ ಪರೀಕ್ಷೆಗೆ ಓದುತ್ತಿದ್ದ ಹುಡುಗಿ. ಹಾಡು ಅವಳಿಗೆ ಇಷ್ಟವೇ, ಆದರೆ ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ. ಅವಳು ನಿಂತ ಸಾಲು ಅವಳದಾಗಿರಲಿಲ್ಲ, ತಾಯಿ ರೇಣುಕಾದೇವಿಯದು. ತಾಯಿಗೆ ಜೂನಿನಲ್ಲಿ ಮೊಣಕಾಲಿನ ಆಪರೇಷನ್ ಆಗಿತ್ತು. ಸಂಕ್ರಾಂತಿಯವರೆಗೆ ಕೆಸರಿಗೆ ಕಾಲಿಡಬಾರದು ಎಂದಿದ್ದರು ಡಾಕ್ಟರು. ಗ್ಯಾಂಗಿನ ಪದ್ಧತಿಯೆಂದರೆ, ಯಾರದಾದರೂ ಸಾಲು ಒಂದು ನಾಟಿ ಪೂರ್ತಿ ಖಾಲಿ ಬಿದ್ದರೆ ಅದು ಬೇರೆಯವರ ಪಾಲು. ಮನೆಯವರೇ ಯಾರಾದರೂ ಬಂದು ನಿಂತು ನಡೆಸಿಕೊಟ್ಟರೆ ಉಳಿಯುತ್ತದೆ. ಮೂವತ್ತು ವರ್ಷ ಬಾಗಿ ಸಂಪಾದಿಸಿದ ಜಾಗ. ಅದು ಹೋದರೆ ಗುಣವಾದ ಮೊಣಕಾಲನ್ನು ಇಟ್ಟುಕೊಂಡು ಅವ್ವ ಎಲ್ಲಿಗೆ ಹೋಗಬೇಕು? ಆ ಗ್ಯಾಂಗಿನ ದುಡಿಮೆಯಲ್ಲೇ ತಾನು ಓದಿದ್ದು ಎನ್ನುವುದು ಸಂಘಮಿತ್ರಾಳಿಗೆ ಚೆನ್ನಾಗಿ ಗೊತ್ತಿತ್ತು. ಪುಸ್ತಕ ಮುಚ್ಚಿಟ್ಟು ಬಂದು ನಿಂತಿದ್ದಳು.

ಬಂದು ನಿಂತರಾಯಿತೇ? ನಾಟಿಯಲ್ಲಿ ಎಲ್ಲರೂ ಒಟ್ಟಿಗೆ ಹಿಂದಕ್ಕೆ ಹೆಜ್ಜೆಯಿಡಬೇಕು. ಒಬ್ಬಳ ಕೈ ನಿಧಾನವಾದರೆ ಎಡಬಲದವರು ಸಸಿ ಊರುತ್ತ ಹಿಂದೆ ಸರಿದುಬಿಡುತ್ತಾರೆ. ಎರಡೂ ಬದಿ ಹಸಿರು ಎದ್ದು, ನಿಧಾನದವಳು ನಡುವೆ ಒಬ್ಬಳೇ ಸಿಕ್ಕಿಬೀಳುತ್ತಾಳೆ. ಮೊದಲ ದಿನ ಸಂಘಮಿತ್ರಾಳ ಗತಿ ಅದೇ ಆಯಿತು. ಒಂದಲ್ಲ, ನಾಲ್ಕು ಸಲ. ಯಾರೂ ಬಯ್ಯಲಿಲ್ಲ. ಬಯ್ಯದೆ ಬಂದು ಅವಳ ಪಾಲನ್ನು ಊರಿಕೊಟ್ಟರು. ಅದು ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು. ಸೋತವರನ್ನು ಸಾಲಿನಿಂದ ತೆಗೆದು ಸಸಿಯ ಕಟ್ಟು ಹೊರಲು ಹಾಕುತ್ತಾರೆ, ಆಗ ಸಾಲು ಉಳಿಯುವುದಿಲ್ಲ.

ಮೂರನೇ ದಿನದಿಂದ ಆ ಹಾಡು ಶುರುವಾಯಿತು. ಐದನೇ ದಿನಕ್ಕೆ ಸಂಘಮಿತ್ರಾ ಸಾಲಿಗೆ ಸಮನಾಗಿ ನಿಂತಳು. ಟಿಣ್ ಎಂದರೆ ಒಂದು ಸಸಿ, ಟಿಣ್ ಎಂದರೆ ಇನ್ನೊಂದು. ಕೈ ತಾನಾಗಿ ಇಳಿಯುತ್ತಿತ್ತು, ಕಾಲು ತಾನಾಗಿ ಹಿಂದೆ ಸರಿಯುತ್ತಿತ್ತು. ಅಂತೂ ನಾನು ಕಲಿತುಬಿಟ್ಟೆ ಎಂದು ಒಳಗೊಳಗೇ ಬೀಗಿದಳು. ಓದಿದವರಿಗೆ ಅದೊಂದು ರೋಗ. ಎಲ್ಲವೂ ತಮ್ಮ ತಲೆಯಿಂದಲೇ ಬಂತು ಎಂದುಕೊಳ್ಳುತ್ತಾರೆ.

ಗಾದಿಲಿಂಗಪ್ಪ ಸಾಹುಕಾರರ ಗದ್ದೆಯಲ್ಲಿ ನಾಟಿ ನಡೆದ ದಿನ ವ್ಯಾಜ್ಯ ತುದಿ ಮುಟ್ಟಿತು. ಮಧ್ಯಾಹ್ನ ಬದುವಿನ ಮೇಲೆ ರೊಟ್ಟಿ ಬಿಚ್ಚಿಕೊಂಡು ಕೂತಾಗ ಚೆನ್ನಬಸಮ್ಮ ಸಿಡಿದಳು. “ಈ ಹಾಡಿಗೆ ಕೈ ಏಳವಲ್ದು. ಹೊತ್ತು ಮುಳುಗಾಕ ಬಂದ್ರೂ ಗದ್ದಿ ಮುಗಿಯವಲ್ದು. ಬೇರೆ ಗ್ಯಾಂಗಿನವರು ಮನಿ ಸೇರಿ ಅಡಿಗಿ ಮಾಡಿರ್ತಾರ, ನಾವಿನ್ನ ಟಿಣ್ ಟಿಣ್ ಅಂತಿರ್ತೀವಿ. ಇವತ್ತು ತೀರ್ಮಾನ ಆಗ್ಲಿ. ಕೈ ಎತ್ರಿ, ಹಾಡು ಬೇಕಾ ಬ್ಯಾಡಾ?”

“ನಾ ಯಾವ ಕಡಿಗೂ ಇಲ್ಲ,” ಎಂದಳು ದುರ್ಗಕ್ಕ, ರೊಟ್ಟಿಯಿಂದ ಕಣ್ಣೆತ್ತದೆ.

“ದಿನಾ ಬೈತೀಯಲ್ಲ, ಬ್ಯಾಡಾ ಅಂತ ಎತ್ತಾಕ ಏನಾಗೈತಿ?”

“ಮೇಸ್ತ್ರಿ ಕೈ ಎತ್ತಬಾರದು.”

ಬೇಕು ಎನ್ನುವವರು ನಾಲ್ಕು, ಬೇಡ ಎನ್ನುವವರು ನಾಲ್ಕು. ಉಳಿದವಳು ಸಂಘಮಿತ್ರಾ. ಎಲ್ಲರೂ ಅವಳತ್ತ ತಿರುಗಿದರು. ಅವಳು ಒಂದು ಗಳಿಗೆ ಲೆಕ್ಕ ಹಾಕಿದಳು. ದುರ್ಗಕ್ಕನಿಗೆ ಈ ಹಾಡು ಕಂಡರಾಗುವುದಿಲ್ಲ, ಮೇಸ್ತ್ರಿ ಎಂಬ ದಾಕ್ಷಿಣ್ಯಕ್ಕೆ ಬಾಯಿ ಮುಚ್ಚಿಕೊಂಡಿದ್ದಾಳೆ. ಅವ್ವನ ಸಾಲು ಇರುವುದು ಅವಳ ಕೈಯಲ್ಲಿ. ತನ್ನ ಇಷ್ಟ ದೊಡ್ಡದೋ, ದುರ್ಗಕ್ಕನ ಸಮಾಧಾನ ದೊಡ್ಡದೋ?

“ಬ್ಯಾಡಾ,” ಎಂದು ಕೈ ಎತ್ತಿದಳು.

ದುರ್ಗಕ್ಕ ಅವಳನ್ನೇ ನೋಡಿದಳು. ರೊಟ್ಟಿ ನುಂಗಿ, ಸೊಂಟದಿಂದ ಫೋನು ತೆಗೆದು ಚೆನ್ನಬಸಮ್ಮನ ಕೈಗೆ ಕೊಟ್ಟಳು. “ಆತವ್ವ. ನಿಮಗ ಬೇಕಾದ್ದು ಹಾಕ್ಕೊಳ್ರಿ.”

ಚೆನ್ನಬಸಮ್ಮ ಹಾಕಿದ್ದು ಮೆರವಣಿಗೆಯ ಡೋಲಿನ ಹಾಡುಗಳು. ಹೆಂಗಸರ ಕೈಗೆ ರೆಕ್ಕೆ ಬಂತು. ಸಂಘಮಿತ್ರಾ ಹತ್ತು ನಿಮಿಷ ಏಗಿದಳು. ಹದಿನೈದನೇ ನಿಮಿಷಕ್ಕೆ ತಲೆಯೆತ್ತಿ ನೋಡಿದರೆ ಎಡಕ್ಕೆ ಹಸಿರು, ಬಲಕ್ಕೆ ಹಸಿರು, ಗ್ಯಾಂಗು ಹಿಂದೆಲ್ಲೋ ಇತ್ತು. ಗಾಬರಿಯಲ್ಲಿ ಸಸಿಗಳನ್ನು ಹೇಗೆಂದರೆ ಹಾಗೆ ಊರತೊಡಗಿದಳು. ಅವು ಬೇರು ಕಚ್ಚದೆ ನೀರಿನ ಮೇಲೆ ತೇಲಿದವು. ಅಂತೂ ಕಲಿತೆ ಎಂದುಕೊಂಡಿದ್ದೆಲ್ಲ ಕಣ್ಣೆದುರೇ ತೇಲುತ್ತಿತ್ತು.

ಗಾದಿಲಿಂಗಪ್ಪ ಸಾಹುಕಾರರು ಬದುವಿನ ಮೇಲೆ ಬಂದು ನಿಂತದ್ದೂ ಅದೇ ಹೊತ್ತಿಗೆ. “ಏನು ದುರ್ಗಮ್ಮ, ಈ ಸಾಲು ಹಾವು ಹರಿದಂಗ ಐತಿ? ಈ ಹುಡುಗಿಗೆ ಆಗಂಗಿಲ್ಲ ಬಿಡು. ನಾಳಿಂದ ಕಟ್ಟು ಹೊರಾಕ ಹಾಕು, ಸಾಲಿಗೆ ಬೇರೆಯವರನ್ನ ಕರ್ಕಂಬಾ.”

ಸಂಘಮಿತ್ರಾಳ ಕೈಯಲ್ಲಿದ್ದ ಕಟ್ಟು ಕೆಳಗೆ ಬಿತ್ತು. ಮೂವತ್ತು ವರ್ಷದ ಜಾಗ, ಒಂದು ಮಧ್ಯಾಹ್ನಕ್ಕೆ ಹೋಯಿತು.

ದುರ್ಗಕ್ಕ ಸೊಂಟ ನೆಟ್ಟಗೆ ಮಾಡಿದಳು. “ಹುಡುಗಿದು ತಪ್ಪಿಲ್ಲರಿ ಸಾಹುಕಾರ್ರ. ಹಾಡಿಂದು ತಪ್ಪು. ಬೆಳಿಗ್ಗಿ ಊರಿದ್ದು ನೋಡ್ರಿ ಅಕಡಿ, ಅದೂ ಇಕಿ ಕೈಯಿಂದನ ಊರಿದ್ದು. ದಾರ ಹಿಡಿದಂಗ ಐತಿಲ್ಲೋ? ಇದನ್ನ ಕಿತ್ತು ನಾವ ಹಚ್ಚಿಕೊಡ್ತೀವಿ. ಸಾಲಿಗೆ ಯಾರು ಅನ್ನೋದು ನನಗ ಬಿಡ್ರಿ.”

ಸಾಹುಕಾರರು ಬೆಳಗಿನ ಭಾಗವನ್ನು ನೋಡಿದರು, ಗೊಣಗಿದರು, ಹೋದರು. ಚೆನ್ನಬಸಮ್ಮ ಒಮ್ಮೆ ದುರ್ಗಕ್ಕನನ್ನು ನೋಡಿದಳು, ಒಮ್ಮೆ ಸಂಘಮಿತ್ರಾಳನ್ನು ನೋಡಿದಳು. ದಡ್ಡಿಯಲ್ಲ ಅವಳು.

“ಇದಕ್ಕೇನ ನೀ ಇಷ್ಟ್ ದಿನ ಆ ಹಾಡು…?” ಎಂದಳು.

“ಮತ್ತೇನು, ಆ ದರಿದ್ರ ಹಾಡಿನ ಮ್ಯಾಲ ನನಗ ಪ್ರೀತಿ ಉಕ್ಕೈತೇನಲೇ?” ಎಂದಳು ದುರ್ಗಕ್ಕ. “ಹುಡುಗಿ ಕೈ ನಿಧಾನ ಅಂತ ಎಲ್ಲಾರ ಮುಂದ ಹೇಳಿದ್ರ ಆಕಿ ಮನಸು ಮುರೀತಿತ್ತು. ಹಾಡಿಗೆ ಬೈದ್ರ ಹಾಡಿಗೇನು ನೋವಾಗತೈತಿ?”

ಸಂಘಮಿತ್ರಾ ಕೆಸರಿನಲ್ಲೇ ನಿಂತು ಅತ್ತಳು. ನಾಚಿಕೆಗೂ ಅತ್ತಳು, ಕೃತಜ್ಞತೆಗೂ ಅತ್ತಳು. ತನ್ನೊಬ್ಬಳ ಕೈಗಾಗಿ ಒಂಬತ್ತು ಜನ ಹೊತ್ತು ಮುಳುಗುವ ತನಕ ಬಾಗಿದ್ದರು. ಅದರಲ್ಲಿ ಎಂಟು ಜನಕ್ಕೆ ಅದು ಗೊತ್ತೂ ಇರಲಿಲ್ಲ. ಗೊತ್ತಿದ್ದ ಒಬ್ಬಳ ಉಪಾಯಕ್ಕೆ ವಿರುದ್ಧವಾಗಿ ತಾನೇ ಕೈ ಎತ್ತಿದ್ದಳು.

ಚೆನ್ನಬಸಮ್ಮ ಬದು ಹತ್ತಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಫೋನು ಒತ್ತಿದಳು. ಗಿಟಾರು ಹಿಡಿಯಿತು. “ಅಳಬ್ಯಾಡ ಬಾ, ಜಲ್ದಿ ಸಸಿ ಹಿಡಿ,” ಎಂದಳು. “ಕೇಳಿ ಕೇಳಿ ಕಿವಿಗೆ ರೂಢಿ ಆಗೈತಿ. ಅಷ್ಟೇನು ಕೆಟ್ಟಿಲ್ಲ ಬಿಡು. ಕೊಡೆ ತಂದ್ಯಾ ಅಂತಾನಲ್ಲ, ಅದು ಒಂಚೂರು ಚಂದೈತಿ.”

ಸುಮಲತಾ ಮತ್ತು ಉಚ್ಚೆಂಗಮ್ಮ ಗೆದ್ದವರ ಹಾಗೆ ಕೇಕೆ ಹಾಕಿದರು. ಅವತ್ತು ಟಂಟಂ ಹತ್ತುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಯಾರೂ ಗೊಣಗಲಿಲ್ಲ.

ಮುಂದಿನ ಹನ್ನೆರಡು ದಿನ ಹಾಡಿನ ಜಗಳ ನಿಲ್ಲಲಿಲ್ಲ, ಆದರೆ ದಿಕ್ಕು ಬದಲಾಯಿತು. ಮೊದಲನೇ ಚರಣ ಚೆಂದವೋ ಎರಡನೆಯದೋ ಎಂದು ಚೆನ್ನಬಸಮ್ಮನೇ ವಾದಕ್ಕಿಳಿಯುತ್ತಿದ್ದಳು. ಸಂಘಮಿತ್ರಾಳ ಕೈ ನಿಜವಾಗಿಯೂ ಪಳಗಿದ್ದು ಆ ದಿನಗಳಲ್ಲಿ. ಕೊನೆಯ ಗದ್ದೆ ಮುಗಿದ ಸಂಜೆ ಎಲ್ಲರೂ ಕಾಲುವೆಯಲ್ಲಿ ಕೈಕಾಲು ತೊಳೆಯುತ್ತಿದ್ದಾಗ ದುರ್ಗಕ್ಕ ಅವಳ ಪಕ್ಕ ಬಂದು ಕೂತಳು.

“ನಿಮ್ಮವ್ವಗ ಹೇಳು, ಬ್ಯಾಸಿಗಿ ನಾಟಿಗೆ ಆಕಿ ಸಾಲು ಆಕಿಗೇ ಐತಿ ಅಂತ.”

ಸಂಘಮಿತ್ರಾ ಅವಳ ಕೈ ಹಿಡಿದುಕೊಂಡಳು. “ದುರ್ಗಕ್ಕ, ನಿನ್ನ ಉಪಕಾರ ಸಾಯೋಮಟ ಮರೆಯಲ್ಲ.”

“ನಂದೇನೈತಿ ಇದರಾಗ?” ದುರ್ಗಕ್ಕ ಹಿಮ್ಮಡಿ ಉಜ್ಜುತ್ತಲೇ ಹೇಳಿದಳು. “ನಾನು ಸಂಡೂರು ಕಡಿಯಾಕಿ. ನಮ್ಮಪ್ಪ ಗಣಿಯಾಗ ಕೂಲಿ. ಮದುವಿ ಆಗಿ ಬರೋತನಕ ಭತ್ತದ ಗದ್ದಿ ಕಣ್ಣಿಂದ ನೋಡಿದ್ದಿಲ್ಲ. ಈ ಗ್ಯಾಂಗಿಗೆ ಬಂದಾಗ ನನ್ನ ಕೈ ನಿನಗಿಂತ ನಿಧಾನ ಇತ್ತು. ಆಗ ಸ್ಪೀಕರ್ ಎಲ್ಲಿತ್ತು? ಬಾಯಿಲೆ ಹಾಡಬೇಕು, ಹಾಡು ಎತ್ತಾಕಿ ನಿಮ್ಮವ್ವ. ಆ ವರ್ಷ ಪೂರಾ ಒಂದ ಹಾಡು ಹಿಡಿದ್ಲು ನೋಡು, ಎಳದು ಎಳದು. ಮುದುಕ್ಯಾರು ಬೈದ್ರು, ನಾನೂ ಬೈದೆ. ಎರಡು ವರ್ಷ ಆದ ಮ್ಯಾಲ ಗೊತ್ತಾತು, ಅದು ನನ್ನ ಕೈಗೆ ಹಾಡಿದ್ದು ಅಂತ.”

ಸಂಘಮಿತ್ರಾ ಮನೆಗೆ ಓಡಿದಳು. ರೇಣುಕಾದೇವಿ ಗೋಡೆಗೊರಗಿ, ಆಪರೇಷನ್ ಆದ ಕಾಲು ಚಾಚಿಕೊಂಡು ಶೇಂಗಾ ಸುಲಿಯುತ್ತಿದ್ದಳು. ಸಾಲು ಉಳಿಯಿತು ಎಂಬ ಮಾತು ಕೇಳಿ ಕಣ್ಣು ಮುಚ್ಚಿ ಕೈಮುಗಿದಳು. ಸಂಘಮಿತ್ರಾ ಪಕ್ಕದಲ್ಲಿ ಕೂತಳು.

“ಅವ್ವ, ದುರ್ಗಕ್ಕ ಹೊಸದಾಗಿ ಬಂದಾಗ ಆಕಿ ಕೈ ಭಾಳ ನಿಧಾನ ಇತ್ತಂತಲ್ಲ?”

ರೇಣುಕಾದೇವಿ ಸುಲಿಯುವುದನ್ನು ನಿಲ್ಲಿಸಿ ಮಗಳನ್ನು ಗದರಿದಳು. “ಯಾರು ಹೇಳಿದ್ರು ನಿನಗ? ದುರ್ಗಿ ಕೈ ಬಂದ ದಿನದಿಂದ ಚುರುಕು. ಹಂಗೆಲ್ಲ ಯಾರ ಮುಂದೂ ಅನ್ನಬ್ಯಾಡ.”

ಇಪ್ಪತ್ತೈದು ವರ್ಷ ಕಳೆದಿತ್ತು. ದುರ್ಗಕ್ಕನೇ ಬಾಯಿಬಿಟ್ಟು ಹೇಳಿದ್ದಳು, ಅವ್ವ ಮಾತ್ರ ಬಿಟ್ಟುಕೊಡಲಿಲ್ಲ.

“ನೀ ಹೆಂಗ ಮಾಡಿದ್ಯವ್ವ? ಸಾಲು ಹಿಡಿದ್ಯಾ?” ಎಂದಳು ತಾಯಿ.

“ನಾ ಹಿಡೀಲಿಲ್ಲವ್ವ,” ಎಂದಳು ಸಂಘಮಿತ್ರಾ, ತಾಯಿಯ ತೊಡೆಯ ಮೇಲಿದ್ದ ಶೇಂಗಾವನ್ನು ತನ್ನ ಮಡಿಲಿಗೆ ಎಳೆದುಕೊಳ್ಳುತ್ತ. “ಅವರೆಲ್ಲಾ ಹಿಡಕಂಡ್ರು.”