ಗೆರೆಯ ಮುಂದಿನ ಜಾಗ

"ನಾನು ಆಟ ಬಿಡ್ತೀನಿ ಅಂತ ಹೇಳಿದ್ದು ಯಾರು?"

ದಾಫಿನಾಳ ದನಿಗೆ, ಮೈದಾನಕ್ಕೆ ತೆರೆಯುವ ಓಣಿಯಲ್ಲಿ ನಿಂತಿದ್ದ ಹುಡುಗಿಯರೆಲ್ಲ ಬಗ್ಗಿ ತಂತಮ್ಮ ಬೂಟಿನ ಲಾಡಿ ನೋಡಿಕೊಳ್ಳತೊಡಗಿದರು. ತಂಡದ ಮ್ಯಾನೇಜರ್ ವಾರೆನ್ ಮಾತ್ರ ಕೈಯಲ್ಲಿದ್ದ ಹಾಳೆಯಿಂದ ಗಾಳಿ ಹಾಕಿಕೊಳ್ಳುತ್ತ ನಕ್ಕ.

"ದಾಫ್, ನಮ್ಮವ್ವ, ಈಗ ಶುರು ಮಾಡ್ಬೇಡ. ಎರಡೂ ತಂಡದವ್ರು ಎದುರುಬದುರು ಸಾಲಾಗಿ ನಿಂತು ಚಪ್ಪಾಳೆ ಹೊಡೀತಾರೆ, ನೀನು ಮಧ್ಯೆ ನಡ್ಕೊಂಡು ಬರ್ತೀಯ. ಅಷ್ಟೇ. ಒಂಚೂರು ಕಣ್ಣೊರೆಸ್ಕೊಂಡ್ರೆ ಇನ್ನೂ ಚೆಂದ, ಕ್ಯಾಮೆರಾ ಇರುತ್ತೆ."

"ಮುಂದಿನ ವರ್ಷಕ್ಕೆ ನಾನು ಬೇಡ ಅಂದ್ರಿ. ಆಯ್ತು, ತಂಡ ನಿಮ್ದು. ಆದ್ರೆ ನಿವೃತ್ತಿ ಅನ್ನೋ ಮಾತು ನನ್ನ ಬಾಯಿಂದ ಯಾವತ್ತು ಬಂತು?"

"ಮೂವತ್ನಾಲ್ಕು ವಯಸ್ಸು. ಮೊಣಕಾಲು ಎರಡು ಸಲ ಕೊಯ್ಸಿದೀಯ. ಜನಕ್ಕೆ ಇನ್ನೇನಂತ ಹೇಳ್ಬೇಕಿತ್ತು?"

"ಕಿತ್ತು ಹಾಕಿದ್ವಿ ಅಂತ ಹೇಳ್ಬೇಕಿತ್ತು."

ಹದಿನೈದು ವರ್ಷ ಅವಳು ಈ ಫುಟ್‌ಬಾಲ್ ಕ್ಲಬ್ಬಿಗೆ ನಡುಮೈದಾನದಲ್ಲಿ ಆಡಿದ್ದಳು. ಮೊದಲ ಆರು ವರ್ಷ ನಸುಕಿಗೆ ಎದ್ದು ಬೇಕರಿಯಲ್ಲಿ ಹಿಟ್ಟು ನಾದಿ, ಕೂದಲಲ್ಲಿ ಹಿಟ್ಟಿರುವಂತೆಯೇ ಕಡಲಂಚಿನ ತನ್ನೂರು ಪೋರ್ಟ್ ಕೆಂಬ್ಲಾದಿಂದ ಸಿಡ್ನಿಗೆ ಕಾರು ಓಡಿಸಿಕೊಂಡು ಅಭ್ಯಾಸಕ್ಕೆ ಬಂದವಳು. ದೇಶದ ತಂಡದಿಂದ ಕರೆ ಬಂದದ್ದು ಒಂದೇ ಸಲ. ಅದೇ ವಾರ ಮೊಣಕಾಲು ಕೈಕೊಟ್ಟಿತ್ತು. ಗೋಲು ಹೊಡೆದವರ ಹೆಸರು ಜನ ಕೂಗುತ್ತಾರೆ. ಚೆಂಡನ್ನು ಕಸಿದು ತಂದು, ತಲೆಯೆತ್ತಿ ನೋಡಿ, ಗೋಲು ಹೊಡೆಯುವವಳ ಕಾಲ ಬುಡಕ್ಕೆ ಇಟ್ಟು ಬರುವವಳ ಹೆಸರು ಗೊತ್ತಿರುವುದು ತಂಡದವರಿಗೆ, ಮತ್ತೆ ಅವಳ ಅಜ್ಜಿಗೆ.

ಧ್ವನಿವರ್ಧಕ ಅವಳ ಹೆಸರನ್ನು ಎಳೆದೆಳೆದು ಕೂಗಿತು. ದಾಫಿನಾ ಬಿಸಿಲಿಗೆ ಬಂದಳು. ಎರಡು ಸಾಲು ಸಿದ್ಧವಾಗಿತ್ತು, ನಡುವೆ ಹಸಿರು ದಾರಿ. ಅವಳು ಆ ದಾರಿಯ ಬಾಯಿಗೆ ಬಂದು ಒಂದು ಗಳಿಗೆ ನಿಂತಳು. ಆಮೇಲೆ ಪಕ್ಕಕ್ಕೆ ತಿರುಗಿ, ಸಾಲಿನ ಬೆನ್ನ ಹಿಂದೆಯೇ ನಡೆದುಹೋಗಿ, ತುದಿಯಲ್ಲಿದ್ದ ಈಡನ್ ಎಂಬ ಹತ್ತೊಂಬತ್ತರ ಹುಡುಗಿಯ ಮಗ್ಗುಲಲ್ಲಿ ನಿಂತು, ತಾನೂ ಎಲ್ಲರೊಡನೆ ಚಪ್ಪಾಳೆ ತಟ್ಟತೊಡಗಿದಳು.

ಇಪ್ಪತ್ತೆರಡು ಜನ ಖಾಲಿ ದಾರಿಗೆ ಚಪ್ಪಾಳೆ ಹೊಡೆಯುತ್ತಿದ್ದರು.

"ಅಕ್ಕಾ, ನಾವು ಯಾರಿಗೆ ಹೊಡೀತಿದೀವಿ?" ಈಡನ್ ತುಟಿ ಅಲುಗಿಸದೆ ಕೇಳಿದಳು.

"ಹುಲ್ಲಿಗೆ. ಹದಿನೈದು ವರ್ಷ ನನ್ನ ಕೈಲಿ ತುಳಿಸ್ಕೊಂಡಿದೆ ಪಾಪ."

ಈಡನ್‌ಳ ನಗು ಸಾಲಿನುದ್ದಕ್ಕೂ ಹರಿಯಿತು. ಮೇಲೆ ಪ್ರೇಕ್ಷಕರ ನಡುವೆ ಕುಳಿತಿದ್ದ ಎಂಬತ್ತಾರರ ಅಜ್ಜಿ ಸ್ಟೋಯ್ನಾ, ಕುಂಬಳಬೀಜದ ಸಿಪ್ಪೆಯನ್ನು ಮುಂದಿನವರ ಟೋಪಿಯ ಮೇಲೆ ಉಗಿದು, ಎದ್ದು ನಿಂತು ಶಿಳ್ಳೆ ಹಾಕಿದಳು.

ಆಟದಲ್ಲಿ ಅವರು ಸೋತರು. ದಾಫಿನಾ ಮಾತ್ರ ಕೊನೆಯ ಗಳಿಗೆಯವರೆಗೂ ಚೆಂಡಿಗೆ ಬಿದ್ದು ಎದ್ದಳು. ಮುಗಿದ ಮೇಲೆ ವಾರೆನ್ ಗಾಜಿನ ಕಟ್ಟು ಹಾಕಿಸಿದ ಅವಳ ಎಂಟನೇ ನಂಬರಿನ ಜೆರ್ಸಿಯನ್ನು ತಂದು, ಮಗುವನ್ನು ಕೊಡುವಂತೆ ಅವಳ ತೋಳಿಗೆ ಕೊಟ್ಟ. ಗಾಜಿನ ಕೆಳಗೆ ಹಿತ್ತಾಳೆಯ ತಗಡು. ಅದರ ಮೇಲೆ ಅವಳ ಹೆಸರು, 2009 – 2024.

ಮನೆಗೆ ಬಂದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಅದನ್ನಿಟ್ಟು ಅಜ್ಜಿ ಕನ್ನಡಕ ಏರಿಸಿದಳು. ಬೆರಳಿಟ್ಟು ಅಂಕಿ ತಡವಿದಳು.

"ಇದೇನಿದು ಮಗಾ, ಆ ಕಡೆಗೊಂದು ವರ್ಷ, ಈ ಕಡೆಗೊಂದು ವರ್ಷ? ನೀನೇನು ಸತ್ತೋದ್ಯಾ?"

ದಾಫಿನಾಳಿಗೆ ಅಲ್ಲಿಯವರೆಗೂ ಬಾರದ ಅಳು ಆಗ ಬಂತು. "ಬೇರೆ ಯಾವ ತಂಡದವ್ರೂ ಕರೀದಿದ್ರೆ ಏನ್ಮಾಡ್ಲಿ ಅಜ್ಜಿ? ಅವ್ರು ಬರ್ದಿದ್ದೇ ನಿಜ ಆಗ್ಬಿಟ್ರೆ?"

"ನನ್ನ ಕಲ್ಲು ನೋಡಿಲ್ವಾ ನೀನು?"

ನೋಡದೆ ಏನು. ತಾತ ತೀರಿಕೊಂಡಾಗ ಅವರ ಮ್ಯಾಸಿಡೋನಿಯದ ಜನರ ರೂಢಿಯಂತೆ ಒಂದೇ ಗೋರಿಕಲ್ಲಿನ ಮೇಲೆ ಗಂಡಹೆಂಡಿರ ಇಬ್ಬರ ಹೆಸರನ್ನೂ ಕೆತ್ತಿಸಿದ್ದರು. ಸ್ಟೋಯ್ನಾಳ ಹೆಸರು, ಹುಟ್ಟಿದ ವರ್ಷ, ಒಂದು ಅಡ್ಡಗೆರೆ. ಅದರ ಮುಂದಿನ ಜಾಗ ಹತ್ತೊಂಬತ್ತು ವರ್ಷದಿಂದ ಖಾಲಿ. ಪ್ರತಿ ಶನಿವಾರ ಅವಳು ಹೋಗಿ ಕಲ್ಲು ತೊಳೆದು, ಗಂಡನಿಗೆ ಒಂದು ಗುಟುಕು ವೈನ್ ಚೆಲ್ಲಿ, ಖಾಲಿ ಜಾಗವನ್ನು ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಿಂದ ಒರೆಸಿ, "ಈ ವಾರವೂ ಇಲ್ಲ ಕಣಯ್ಯಾ" ಎಂದು ಹೇಳಿ ಬರುತ್ತಿದ್ದಳು.

"ಕಲ್ಲು ಕೆತ್ತೋನಿಗೇ ಅಷ್ಟು ಮರ್ಯಾದೆ ಗೊತ್ತಿತ್ತು. ಗೆರೆ ಎಳೆದು ಕೈ ತೆಗೆದ. ಇವನ್ಯಾವನು ಮುಂದಿಂದೂ ಬರ್ಯೋಕೆ?" ಎಂದು ಅಜ್ಜಿ ಎದ್ದಳು. "ನಿಮ್ತಾತನ ಅರ ಎಲ್ಲಿದೆ?"

ತಾತ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಲೋಹ ಉಜ್ಜುವ ಅವನ ಅರ ಶೆಡ್ಡಿನಲ್ಲಿ ಎಣ್ಣೆಬಟ್ಟೆ ಸುತ್ತಿಕೊಂಡು ಮಲಗಿತ್ತು. ದಾಫಿನಾ ಸ್ಕ್ರೂ ಬಿಚ್ಚಿ ಕಟ್ಟನ್ನು ಬಿಡಿಸಿದಳು. ಜೆರ್ಸಿಗೆ ಚುಚ್ಚಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತು ತಟ್ಟೆಗೆ ಹಾಕಿದಳು, ಟಣ್, ಟಣ್. ಎದುರಿಗೆ ಅಜ್ಜಿ ತಗಡನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ಉಜ್ಜುತ್ತಿದ್ದಳು. ತೋಳು ಸೋತಾಗ ನಿಲ್ಲಿಸಿ ಒಂದು ಕುಂಬಳಬೀಜ ಕಡಿದು ಮತ್ತೆ ಉಜ್ಜಿದಳು. ತಾನು ಮಾಡುತ್ತೇನೆಂದು ಮೊಮ್ಮಗಳು ಕೈಚಾಚಿದರೆ ಅರದ ಹಿಡಿಯಿಂದಲೇ ಬೆರಳಿಗೆ ಕುಟ್ಟಿದಳು.

ಮಂಗಳವಾರ ಸಂಜೆ ದಾಫಿನಾ ಕಾರ್ಖಾನೆಯ ಚಿಮಣಿಗಳ ಕೆಳಗಿನ ಮೈದಾನಕ್ಕೆ ಹೋಗಲು ಬೂಟು ಕಟ್ಟಿದಳು. ತಾತ ಬೇಲಿ ನೆಟ್ಟ ಕ್ಲಬ್ಬು. ಸಂಬಳ ಪೆಟ್ರೋಲಿಗೂ ಸಾಲದು. ಯಾರೂ ಕರೆದಿರಲಿಲ್ಲ. ಬೆಳಿಗ್ಗೆ ಅವಳೇ ಫೋನು ಮಾಡಿದ್ದಳು.

"ಯಾವ ಜಾಗದಲ್ಲಿ ಆಡ್ತೀಯ ಅಂತ ಕೇಳಿದ್ರಾ?" ಅಜ್ಜಿ ಒಲೆಯ ಮುಂದಿನಿಂದ ಕೇಳಿದಳು.

"ಕೇಳಿದ್ರು. ನಡುವೆ ಅಂದೆ. ಅಲ್ಲಿ ಈಗಾಗ್ಲೇ ಒಬ್ಳಿದಾಳಂತೆ."

"ಇರ್ಲಿ ಬಿಡು, ಅವ್ಳು ಸರ್ಕೋತಾಳೆ."

ದಾಫಿನಾ ನಗುತ್ತ ಎಂಟನೇ ನಂಬರಿನ ಜೆರ್ಸಿ ತೊಟ್ಟು ಹೊರಟಳು. ಸಮುದ್ರದ ಗಾಳಿ ಗುಂಡುಸೂಜಿಯ ತೂತುಗಳಲ್ಲಿ ಹಾದು ಭುಜಕ್ಕೆ ತಣ್ಣಗೆ ತಾಗಿತು. ಗೇಟಿನ ಬಳಿ ತಿರುಗಿ ನೋಡಿದಳು. ಅಡುಗೆಮನೆಯ ಕಿಟಕಿಯಲ್ಲಿ, ಮೆಣಸಿನ ಕುಂಡದ ಪಕ್ಕ, ಅಜ್ಜಿ ತಗಡನ್ನು ಒರಗಿಸಿಟ್ಟಿದ್ದಳು. ಹೆಸರು, ಒಂದು ವರ್ಷ, ಒಂದು ಗೆರೆ. ಇಳಿಬಿಸಿಲಿಗೆ ಅಕ್ಷರಗಳು ಮಂಕಾಗಿದ್ದವು. ಅರ ಆಡಿದ ಖಾಲಿ ಜಾಗವಷ್ಟೇ ಫಳಫಳ ಹೊಳೆಯುತ್ತಿತ್ತು.