ತೂಕ ಇಳಿಸಿದ ದಿನ

ಸೂಜಿಗೆ ಹೆದರುವ ಹೆಂಗಸೇ ಅಲ್ಲ ಅವಳು. ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು, ಬೆರಳಿಗೆ ಚುಚ್ಚಿಸಿಕೊಂಡೇ ಹೊಟ್ಟೆ ಹೊರೆದವಳು. ಆದರೆ ಈಗ ಸೊಂಟದಿಂದ ಹಿಮ್ಮಡಿಯವರೆಗೆ ಕಾದ ತಂತಿ ಎಳೆದಂಥ ನೋವು. ಬಲಗಾಲು ಪೆಡಲ್ ತುಳಿಯಲು ಒಲ್ಲೆ ಎನ್ನುತ್ತಿತ್ತು. ಬೆನ್ನುಮೂಳೆಯ ಸಂದಿಗೆ ಔಷಧಿ ಇಳಿದರೆ ಕಾಲು ಮರಳಿ ಹಿಡಿತಕ್ಕೆ ಬಂದೀತು, ಇಲ್ಲವಾದರೆ ಅಂಗಡಿಯ ಬಾಗಿಲು ಹಾಕಬೇಕು, ಅಷ್ಟೇ.

ಹೋದ ತಿಂಗಳ ಪ್ರಯತ್ನ ಕೆಟ್ಟಿತ್ತು. ಬೋರಲು ಮಲಗಿಸಿ, ಹೊಟ್ಟೆಯಡಿ ದಿಂಬಿಟ್ಟು, ಡಾಕ್ಟರು ಎಷ್ಟು ತಡಕಿದರೂ ಮೂಳೆಯ ಗಂಟು ಬೆರಳಿಗೆ ಸಿಗಲಿಲ್ಲ. ಸೂಜಿ ಬುಡದ ತನಕ ಹೋದರೂ ಮುಟ್ಟಬೇಕಾದ ಜಾಗ ಮುಟ್ಟಲಿಲ್ಲ. ಎಕ್ಸ್‌ರೇ ಪರದೆಯಲ್ಲಿ ಅವಳ ಬೆನ್ನುಮೂಳೆಗೆ ಒತ್ತಿಕೊಂಡಂತೆ ಇನ್ನೊಂದು ಸಾಲು, ತೆಳ್ಳಗೆ, ಬಾಗಿಕೊಂಡು, ಮಸುಕಾಗಿ ಕಂಡಿತ್ತು. ಮೈ ದಪ್ಪವಿದ್ದರೆ ಚಿತ್ರ ಹೀಗೇ ಮಂಕಾಗುತ್ತದೆ ಎಂದರು ಡಾಕ್ಟರು. ಅಂದು ತೂಕ ನೋಡದೆಯೇ ಹತ್ತಿಸಿದ್ದರಿಂದ ಮೇಜು ಬೇರೆ ನರಳಿತ್ತು. ಅದು ತಾಳುವುದು ನೂರಾ ಮೂವತ್ತು ಕೆಜಿ. ಉದ್ದನೆಯ ಸೂಜಿ ತರಿಸುತ್ತೇನೆ, ತೂಕ ಇಳಿಸಿಕೊಂಡು ಬನ್ನಿ, ಇದೇ ಕೊನೆಯ ಸಲ ಎಂದು ಕಳಿಸಿದ್ದರು.

ಇವತ್ತು ಬೆಳಿಗ್ಗೆ ಮನೆಯ ತೂಕದ ಯಂತ್ರ ತೊಂಬತ್ತಾರು ತೋರಿಸಿತ್ತು. ಇಲ್ಲಿ ಆಸ್ಪತ್ರೆಯಲ್ಲಿ ಮುಳ್ಳು ನೂರಾ ಮೂವತ್ತನಾಲ್ಕಕ್ಕೆ ಹೋಗಿ ನಿಂತಿತು.

"ಅಕ್ಕಾ, ಹೊಲಿಗೆ ಮಿಷಿನ್ನೇ ಸೊಂಟಕ್ಕೆ ಕಟ್ಕೊಂಡು ಬಂದ್ರಾ?" ಎಂದು ನರ್ಸ್ ನಕ್ಕಳು. ಯಂತ್ರ ಕೆಟ್ಟಿರಬೇಕೆಂದು ತಾನೇ ಹತ್ತಿದಳು. ಎಂದಿನಂತೆ ಐವತ್ತೆಂಟು. ನಗು ಅಲ್ಲಿಗೇ ನಿಂತಿತು.

ಡಾಕ್ಟರು ಬಾಗಿಲಿಂದಲೇ ಇಣುಕಿದರು. "ಇಳಿಸಿ ಅಂದಿದ್ದೆನಲ್ಲಮ್ಮ. ನೀವು ಇಳಿಸೇ ಇಲ್ಲ."

ಇಳಿಸು. ಆ ಮಾತು ಅವಳಿಗೆ ಬಟ್ಟೆಯಲ್ಲಿ ಮರೆತ ಗುಂಡುಸೂಜಿಯಂತೆ ಚುಚ್ಚಿತು. ಲೆಕ್ಕ ತಾನಾಗಿಯೇ ಬಂತು: ಮೂವತ್ತೆಂಟು. ಅಮ್ಮನ ಕೊನೆಯ ಆಸ್ಪತ್ರೆ ಚೀಟಿಯಲ್ಲಿ ಬರೆದಿದ್ದ ತೂಕ.

ಮನೆ ಇದ್ದದ್ದು ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿ. ಆರು ವರ್ಷ ಅಮ್ಮನನ್ನು ಬೆನ್ನಿಗೆ ಹಾಕಿಕೊಂಡೇ ಇಳಿದಿದ್ದಳು, ಹತ್ತಿದ್ದಳು. ಕೊರಳಿಗೆ ಕೈಸುತ್ತಿದರೆ ಮುದುಕಿ ಉಡದ ಹಾಗೆ. ಕುರ್ಚಿಗೆ ಬೆನ್ನು ಮಾಡಿ, ಮೊಣಕಾಲು ಬಗ್ಗಿಸಿ, "ಬಂತಮ್ಮಾ, ಇಳಿ" ಅಂದರೆ ಮಾತ್ರ ಹಿಡಿತ ಸಡಿಲ. ವರ್ಷದ ಹಿಂದೆ ಒಂದು ದಿನ ಆಸ್ಪತ್ರೆಗೆಂದು ಇಳಿಯುವಾಗ, ಎರಡನೇ ತಿರುವಿನಲ್ಲಿ, ಕಿವಿಯ ಬಳಿ ಆಡುತ್ತಿದ್ದ ಉಸಿರು ನಿಂತಿತು. ಆಂಬುಲೆನ್ಸಿನವರು ಹಿಂದಿನಿಂದ ಬಂದು ಬಿಡಿಸಿಕೊಂಡು ಹೋದರು. ಇಳಿ ಎಂದು ಅವಳು ಹೇಳಲೇ ಇಲ್ಲ. ಅಂದಿನಿಂದ ಇಳಿಯುವಾಗಲೆಲ್ಲ ನೋವು ಹಿಡಿಯುತ್ತಿದ್ದದ್ದು ಅದೇ ತಿರುವಿನಲ್ಲಿ. ಸಂಜೆ ಹತ್ತುವಾಗ ಬಿಡುತ್ತಿದ್ದದ್ದೂ ಅಲ್ಲೇ.

ಗೋಡೆಯ ಪಕ್ಕ ಒಂದು ಕಬ್ಬಿಣದ ಕುರ್ಚಿಯಿತ್ತು. ನರ್ಸ್ ನೋಡುತ್ತಿದ್ದಂತೆಯೇ ಅದಕ್ಕೆ ಬೆನ್ನು ಮಾಡಿ ನಿಂತಳು. ಕಾಲು ಉರಿಯುತ್ತಿದ್ದರೂ ಮೊಣಕಾಲು ಬಗ್ಗಿಸಿದಳು.

"ಬಂತಮ್ಮಾ," ಅಂದಳು, "ಇಳಿ."

ಏನೂ ಆಗಲಿಲ್ಲ. ಅಮ್ಮ ಯಾವಾಗಲೂ ಹಾಗೇ, ಒಂದೇ ಸಲಕ್ಕೆ ನಂಬಿದವಳಲ್ಲ.

"ನಾನಿಲ್ಲೇ ಇದ್ದೀನಿ, ಬೀಳಲ್ಲ. ಇಳೀಮ್ಮ."

ಕೊರಳ ಸುತ್ತ ಏನೋ ನಿಧಾನವಾಗಿ ಸಡಿಲವಾಯಿತು. ಕುರ್ಚಿ ಒಮ್ಮೆ ಕಿರ್ರೆಂದಿತು. ವರ್ಷದಿಂದ ಬೆಚ್ಚಗಿದ್ದ ಬೆನ್ನಿಗೆ ತಣ್ಣನೆ ಗಾಳಿ ತಾಗಿತು.

ಮತ್ತೆ ತೂಗಿದಾಗ ತೊಂಬತ್ತಾರು. ನರ್ಸ್ ಹಳೆಯ ಅಂಕಿ ಹೊಡೆದುಹಾಕಿದಳು.

ಉದ್ದನೆಯ ಸೂಜಿ ಈ ಸಲ ನೇರ ಹೋಯಿತು. ಪರದೆಯಲ್ಲಿ ಒಂದೇ ಮೂಳೆಸಾಲು. ಇಂಥ ಸ್ಪಷ್ಟ ಚಿತ್ರ ಹೇಗೆ ಬಂತೋ ಎಂದು ಡಾಕ್ಟರು ಗೊಣಗುತ್ತಲೇ ಔಷಧಿ ಬಿಟ್ಟರು. ಬೆಚ್ಚನೆಯದೊಂದು ಎಳೆ ಹಿಮ್ಮಡಿಯವರೆಗೆ ಹರಿಯಿತು. ಅರ್ಧ ಗಂಟೆಯ ನಂತರ ಅವಳ ಬಲಗಾಲು ಗಾಳಿಯಲ್ಲೇ ಪೆಡಲ್ ತುಳಿದು ನೋಡಿತು.

ಅವಳು ಬಾಗಿಲು ದಾಟುತ್ತಿದ್ದಾಗ ಹಿಂದೆ ನರ್ಸ್ ಕುರ್ಚಿ ಸರಿಸಲು ಹೋದ ಸದ್ದು. ಕುರ್ಚಿಯ ಕಾಲು ಕಿರುಗುಟ್ಟಿತೇ ಹೊರತು ಜಾಗ ಬಿಟ್ಟು ಅಲುಗಲಿಲ್ಲ.

"ಇದ್ಯಾಕೆ ಇಷ್ಟು ಭಾರ ಇದೆ?"

ಅವಳ ಬೆನ್ನು ತಾನಾಗಿಯೇ ಬಾಗಿತು, ಯಾರನ್ನೋ ಹತ್ತಿಸಿಕೊಳ್ಳುವಂತೆ. ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಹಿಂತಿರುಗಿ ನೋಡದೆ, ಮೆಟ್ಟಿಲಿಳಿದಳು.